ತೆಂಗೊ ಫ್ರೀಯೊ ಎಂದ ಮರಿಯಾನೆ

ನನಗೆ ಸ್ಪ್ಯಾನಿಶ್ ಬರುತ್ತಿತ್ತು. ಅದನ್ನು ಆಡಲು ಮಾತ್ರ ಊರಿನಲ್ಲಿ ಯಾರೂ ಇರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಅಕ್ಕಿಪೇಟೆಯ ಒಂದು ಊದಿನಕಡ್ಡಿ ಕಂಪನಿಯಲ್ಲಿ ಪತ್ರ ಬರೆಯುವ ಕೆಲಸ ನನ್ನದು. ನಮ್ಮ ಕಡ್ಡಿಗಳು ಸ್ಪೇನಿಗೆ, ಪೆರುವಿಗೆ, ಕೊಲಂಬಿಯಾಕ್ಕೆ ಹೋಗುತ್ತಿದ್ದವು. ಅಲ್ಲಿನ ವ್ಯಾಪಾರಿಗಳಿಗೆ ಇಂಗ್ಲಿಷ್ ಒಗ್ಗುತ್ತಿರಲಿಲ್ಲವಾದ್ದರಿಂದ ಯಜಮಾನರು ನನ್ನನ್ನು ಕಂಟೋನ್ಮೆಂಟಿನ ಕಡೆ ವಯಸ್ಸಾದ ಪಾದ್ರಿಯೊಬ್ಬರು ನಡೆಸುತ್ತಿದ್ದ ಸಂಜೆ ಕ್ಲಾಸಿಗೆ ಕಳಿಸಿದ್ದರು. ಪಾದ್ರಿಗಳು ಚೆನ್ನಾಗಿ ಕಲಿಸಿದರು, ಆಮೇಲೆ ತಮ್ಮ ದೇಶಕ್ಕೆ ಹೊರಟುಹೋದರು. ಅಲ್ಲಿಂದ ಮುಂದೆ ನನ್ನ ಸ್ಪ್ಯಾನಿಶ್ ಟೈಪ್‌ರೈಟರಿಗಷ್ಟೇ. ಸರಕು ತಲುಪಿತೇ, ಪೆಟ್ಟಿಗೆಗಳು ಒದ್ದೆಯಾಗಿದ್ದವೇ, ಗಂಧದ ಕಡ್ಡಿ ಜಾಸ್ತಿ ಬೇಕೇ, ಮಲ್ಲಿಗೆಯದೇ. ಸಂಜೆ ಮನೆಗೆ ಹೊರಟರೆ ಸೀರೆಯಿಂದ ಬರುವ ವಾಸನೆಗೆ ಬಸ್ಸಿನಲ್ಲಿ ಪಕ್ಕ ಕೂತವರು ಕೇಳುವರು, ‘ದೇವಸ್ಥಾನದಿಂದ ಬಂದ್ರಾಮ್ಮಾ?’ ಹೌದೆಂದುಬಿಡುತ್ತಿದ್ದೆ. ಆ ದಿನ ನಾನು ಬಾಯಿಬಿಟ್ಟು ಆಡಿದ ಕೊನೆಯ ಮಾತು ಎಷ್ಟೋ ಸಲ ಅದೇ ಆಗಿರುತ್ತಿತ್ತು.

ಮನೆ ಚಾಮರಾಜಪೇಟೆಯಲ್ಲಿ, ಹಳೇ ಮನೆಯೊಂದರ ಮಹಡಿಯ ಮೇಲಿನ ಎರಡು ಕೋಣೆ. ಮದುವೆ ಕೂಡಿಬರಲಿಲ್ಲ. ಅಮ್ಮ ಇರುವತನಕ ಅದೊಂದು ದೊಡ್ಡ ವಿಷಯ ಅನಿಸಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಅನ್ನದ ಪಾತ್ರೆ ದೊಡ್ಡದಾಯಿತು, ಚಾಪೆ ಅಗಲವಾಯಿತು. ಅಮ್ಮನ ಟೂ ಇನ್ ಒನ್ ಟೇಪ್‌ರೆಕಾರ್ಡರ್ ಮೇಜಿನ ಮೇಲೆ ಇದ್ದಲ್ಲೇ ಇತ್ತು. ಅವಳು ಹೋದ ಮೇಲೆ ಅದನ್ನು ಹಚ್ಚಿರಲಿಲ್ಲ.

ಒಂದು ದಿನ ಯಜಮಾನರು ಕರೆದರು. ಬಸವನಗುಡಿಯಲ್ಲಿ ಅನಾಥ ಮಕ್ಕಳ ಒಂದು ಸಣ್ಣ ಆಶ್ರಮವಿತ್ತು, ಹಬ್ಬಕ್ಕೆ ಅಲ್ಲಿಗೆ ನಮ್ಮ ಯಜಮಾನರ ಮನೆಯಿಂದ ಊಟ ಹೋಗುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಮೇಡಂ ಯಜಮಾನರ ಎದುರು ಕೂತಿದ್ದರು.

‘ಅಕ್ಕ ತಮ್ಮ ಇಬ್ರು ಮಕ್ಕಳಮ್ಮ,’ ಎಂದರು ಮೇಡಂ. ‘ಸ್ಪೇನಿನ ಒಂದು ದಂಪತಿ ದತ್ತು ತಗೋತಿದಾರೆ. ಕೋರ್ಟಿನ ಕೆಲಸ ಮುಗಿಯೋಕೆ ಇನ್ನೂ ಕೆಲವು ತಿಂಗಳು ಹಿಡಿಯುತ್ತೆ. ಆ ತಾಯಿಗೆ ಇಂಗ್ಲಿಷೂ ಅಷ್ಟಕ್ಕಷ್ಟೇ. ಈ ಮಕ್ಕಳಿಗೆ ಕನ್ನಡ ಬಿಟ್ಟು ಇನ್ನೇನೂ ಬರಲ್ಲ. ಹಸಿವು ಅಂತ ಹೇಳೋಕಾದ್ರೂ ಬರಬೇಡವಾ?’

ಶನಿವಾರ ನಮಗೆ ಅರ್ಧ ದಿನ. ಮುಂದಿನ ಶನಿವಾರವೇ ಹೋದೆ.

ಹುಡುಗಿಗೆ ಏಳು ವರ್ಷವಿದ್ದೀತು, ತಮ್ಮನಿಗೆ ನಾಲ್ಕು. ತಾಯಿ ಕಾಯಿಲೆ ಬಿದ್ದು ಹೋಗಿದ್ದಳು, ತಂದೆ ಯಾರೆಂದು ಗೊತ್ತಿರಲಿಲ್ಲ. ತಮ್ಮ ಅಕ್ಕನ ಲಂಗದ ಅಂಚನ್ನು ಮುಷ್ಟಿಯಲ್ಲಿ ಹಿಡಿದೇ ಓಡಾಡುತ್ತಿದ್ದ. ನಾನು ಕರಿಹಲಗೆ, ಚಿತ್ರದ ಪುಸ್ತಕ ಎಲ್ಲ ಸಿದ್ಧ ಮಾಡಿಕೊಂಡು ಹೋಗಿದ್ದೆ. ಹುಡುಗಿ ಕೈಕಟ್ಟಿ ಗೋಡೆಗೊರಗಿ ನಿಂತಳು.

‘ನಾನು ಕಲಿಯಲ್ಲ. ಕಲಿತ್ರೆ ಕಳಿಸಿಬಿಡ್ತೀರ.’

‘ಕಲೀದಿದ್ರೂ ಹೋಗಬೇಕಲ್ಲಮ್ಮ,’ ಎಂದರು ಮೇಡಂ.

‘ಹಂಗಾದ್ರೆ ಯಾಕೆ ಕಲೀಬೇಕು?’

ಎರಡು ಮೂರು ಶನಿವಾರ ಹೀಗೇ ಕಳೆಯಿತು. ಅವಳು ಕಲಿಯದಿದ್ದರೆ ತಮ್ಮನೂ ಬಾಯಿ ತೆರೆಯುತ್ತಿರಲಿಲ್ಲ. ಇಬ್ಬರೂ ನನ್ನ ಮುಖ ನೋಡುತ್ತ ಕೂರುವರು, ನಾನು ಕಿಟಕಿ, ಬಾಗಿಲು, ಬೆಕ್ಕು ಎಂದು ಸ್ಪ್ಯಾನಿಶಿನಲ್ಲಿ ಹೇಳುತ್ತ ಹೋಗುವೆ. ಗೋಡೆಗೆ ಪಾಠ ಹೇಳಿದ ಹಾಗೆ.

ದಾರಿ ತೋರಿಸಿದ್ದು ಅಲ್ಲಿನ ಆಯಮ್ಮ. ಹೊರಡುವಾಗ ನನಗೆ ಚಪ್ಪಲಿ ಹುಡುಕಿಕೊಡುತ್ತ ಹೇಳಿದಳು, ‘ಮಲಗೋ ಹೊತ್ತಲ್ಲಿ ಆ ಹುಡುಗಂದು ಒಂದೇ ಗೋಳು ಮೇಡಂ. ಕತೆ ಹೇಳು ಅಂತಾನೆ. ಇಷ್ಟೊಂದು ಮಕ್ಕಳನ್ನ ಮಲಗಿಸೋ ನಾನು ಎಷ್ಟು ಕತೆ ಹೇಳಲಿ? ಟೇಪ್‌ರೆಕಾರ್ಡರ್ ಒಂದಿದೆ, ಭಜನೆ ಹಾಕಿಬಿಡ್ತೀನಿ.’

ಮನೆಗೆ ಹೋಗುವ ದಾರಿಯಲ್ಲೇ ಎರಡು ಖಾಲಿ ಕ್ಯಾಸೆಟ್ ಕೊಂಡೆ.

ಭಾನುವಾರ ಮಧ್ಯಾಹ್ನ ಕಿಟಕಿಗಳನ್ನೆಲ್ಲ ಮುಚ್ಚಿ, ಅಮ್ಮನ ಟೂ ಇನ್ ಒನ್ ಮುಂದೆ ಕೂತೆ. ಕೆಂಪು ಗುಂಡಿಯನ್ನೂ ಪಕ್ಕದ್ದನ್ನೂ ಒಟ್ಟಿಗೆ ಒತ್ತಿದೆ. ಬಾಯಿಂದ ಮಾತೇ ಹೊರಡಲಿಲ್ಲ. ಖಾಲಿ ಕೋಣೆಯಲ್ಲಿ ಕತೆ ಹೇಳುವುದು ಅಂದುಕೊಂಡಷ್ಟು ಸುಲಭವಲ್ಲ. ಹ್ಞೂಂ ಅನ್ನಲು ಎದುರಿಗೆ ಯಾರಾದರೂ ಬೇಕು. ಕೊನೆಗೆ ಅಮ್ಮನ ಹಳೇ ಶಾಲನ್ನು ಎದುರಿನ ಕುರ್ಚಿಯ ಬೆನ್ನಿಗೆ ಹೊದಿಸಿ, ಅದನ್ನು ನೋಡುತ್ತ ಶುರು ಮಾಡಿದೆ.

ಮೊದಲನೆಯ ಕ್ಯಾಸೆಟ್ ದಂಡವಾಯಿತು. ಪೂರ್ತಿ ಸ್ಪ್ಯಾನಿಶಿನಲ್ಲಿ, ಪಾದ್ರಿಗಳು ಮೆಚ್ಚುವ ಹಾಗೆ, ಒಂದೊಂದು ಅಕ್ಷರವನ್ನೂ ತಿದ್ದಿ ತಿದ್ದಿ ಹೇಳಿದ್ದೆ. ಮುಂದಿನ ಶನಿವಾರ ಹುಡುಗಿ ಅದನ್ನು ನನ್ನ ಕೈಗೆ ವಾಪಸ್ ಇಟ್ಟಳು.

‘ಇದು ಕತೆ ಅಲ್ಲ ಮಿಸ್. ಪಾಠ.’

ಎರಡನೆಯದರಲ್ಲಿ ಕನ್ನಡದಲ್ಲೇ ಹೇಳಿದೆ. ಕತೆ ನಾನೇ ಕಟ್ಟಿದ್ದು. ಒಂದು ಮರಿಯಾನೆ. ಅದಕ್ಕೆ ಮೈಯೆಲ್ಲ ಬೆಚ್ಚಗೆ, ಸೊಂಡಿಲಿಗೆ ಮಾತ್ರ ಚಳಿ. ಅದು ಊರೆಲ್ಲ ಸುತ್ತಿ, ಕಂಡವರ ಮುಂದೆಲ್ಲ ‘ತೆಂಗೊ ಫ್ರೀಯೊ’ ಅನ್ನುತ್ತದೆ. ನನಗೆ ಚಳಿಯಾಗ್ತಿದೆ ಎಂದರ್ಥ. ಕಂಬಳಿ ಅಂಗಡಿಯವನ ಹತ್ತಿರ ಸೊಂಡಿಲಿನ ಅಳತೆಯ ಕಂಬಳಿ ಇಲ್ಲ. ಹೂವಿನವಳು ಹಾರ ಸುತ್ತುತ್ತಾಳೆ, ಆನೆಗೆ ಸೀನು ಬಂದು ಹಾರವೆಲ್ಲ ಉದುರುತ್ತದೆ. ಹೋಟೆಲಿನ ಅಡುಗೆಭಟ್ಟ ಇಡ್ಲಿ ಹಬೆಯ ಹತ್ತಿರ ನಿಲ್ಲಿಸಿಕೊಳ್ಳುತ್ತಾನೆ, ಬೆಳಗಿನ ಇಡ್ಲಿ ಮುಗಿದೊಡನೆ ಒಲೆ ಆರಿಸಿಬಿಡುತ್ತಾನೆ. ಕತೆ ಪೂರ್ತಿ ಕನ್ನಡ, ಆನೆಯ ಮಾತಷ್ಟೇ ಸ್ಪ್ಯಾನಿಶ್.

ಮರುವಾರ ನಾನು ಗೇಟು ತೆಗೆಯುವುದರೊಳಗೆ ತಮ್ಮ ಓಡಿಬಂದ. ಮೊದಲ ಸಲ ಅವನ ಕೈಯಲ್ಲಿ ಅಕ್ಕನ ಲಂಗ ಇರಲಿಲ್ಲ.

‘ಮಿಸ್, ತೆಂಗು ಫ್ರೀಯಾ?’

‘ಫ್ರೀ ಅಲ್ವೋ, ಫ್ರೀಯೊ!’ ಎಂದು ಹಿಂದಿನಿಂದ ಅಕ್ಕ ಕೂಗಿದಳು. ಕೂಗಿ, ತಾನು ಕಲಿತದ್ದು ಬಯಲಾಯಿತಲ್ಲ ಎಂದು ನಾಲಿಗೆ ಕಚ್ಚಿಕೊಂಡಳು. ಮತ್ತೆ ತಡೆಯಲಾರದೆ ನಕ್ಕಳು. ಆಶ್ರಮದ ಮಕ್ಕಳೆಲ್ಲ ‘ತೆಂಗು ಫ್ರೀ, ತೆಂಗು ಫ್ರೀ’ ಎಂದು ಅಂಗಳ ತುಂಬ ಕುಣಿದವು. ಗಾಂಧಿ ಬಜಾರಿನ ಕಾಯಿ ಅಂಗಡಿಯವನು ಕೇಳಿಸಿಕೊಂಡಿದ್ದರೆ ಗಾಬರಿಯಾಗುತ್ತಿದ್ದ.

ಆಮೇಲೆ ಕ್ಯಾಸೆಟ್ಟಿನ ಮೇಲೆ ಕ್ಯಾಸೆಟ್. ಆನೆಗೆ ಹಸಿವಾದರೆ ‘ತೆಂಗೊ ಆಂಬ್ರೆ,’ ನಿದ್ದೆ ಬಂದರೆ ‘ತೆಂಗೊ ಸ್ವೇನ್ಯೊ,’ ಹೆದರಿಕೆಯಾದರೆ ‘ತೆಂಗೊ ಮಿಯೇದೊ.’ ಬರಬರುತ್ತ ಕಂಬಳಿ ಅಂಗಡಿಯವನೂ ಸ್ಪ್ಯಾನಿಶ್ ಕಲಿತ, ಹೂವಿನವಳೂ ಕಲಿತಳು. ಕನ್ನಡ ಒಂದೊಂದೇ ವಾಕ್ಯವಾಗಿ ಹಿಂದೆ ಸರಿದು, ಕೊನೆಯ ಕ್ಯಾಸೆಟ್ಟುಗಳು ಪೂರ್ತಿ ಸ್ಪ್ಯಾನಿಶಾದವು. ಮಕ್ಕಳಿಗೆ ಅದು ಗೊತ್ತೂ ಆಗಲಿಲ್ಲ. ಕತೆಯಲ್ಲಿ ಅಮ್ಮ ಬರದ ಹಾಗೆ ಮಾತ್ರ ನೋಡಿಕೊಂಡಿದ್ದೆ. ಅಮ್ಮ ಎಂದರೆ ಆ ಮಕ್ಕಳಿಗೆ ಯಾರು ನೆನಪಾಗುವರೋ, ಯಾರು ನೆನಪಾಗಬೇಕೋ ನನಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ಪ್ರತಿ ಕ್ಯಾಸೆಟ್ಟಿನ ಕೊನೆಯಲ್ಲೂ ಮರಿಯಾನೆ ತನ್ನ ಸೊಂಡಿಲನ್ನು ತನ್ನ ಬಾಯಿಯೊಳಗೇ ಇಟ್ಟುಕೊಂಡು, ಬೆಚ್ಚಗಾಗಿ, ಒಂಟಿಯಾಗಿ ಮಲಗಿಬಿಡುತ್ತಿತ್ತು. ಬೇರೆ ಕೊನೆ ನನಗೆ ಹೊಳೆದಿರಲಿಲ್ಲ.

ಎಷ್ಟು ಕಿಟಕಿ ಮುಚ್ಚಿದರೂ ಹೊರಗಿನ ಸದ್ದು ಕತೆಯೊಳಗೆ ಬರುತ್ತಿತ್ತು. ಕೆಳಗಿನ ಮನೆಯ ಕುಕ್ಕರ್ ಕೂಗು, ಸೊಪ್ಪಿನವಳ ಕೂಗು, ಎದುರು ಮನೆಯ ಸಂಗೀತ ಪಾಠದ ಸರಳೆ. ಮಕ್ಕಳಿಗೆ ಅವೂ ಬಾಯಿಪಾಠವಾದವು. ಸೊಪ್ಪಿನವಳು ಬರುವ ಜಾಗಕ್ಕೆ ಅವರೂ ಸೇರಿ ಕೂಗುತ್ತಿದ್ದರೆಂದು ಆಯಮ್ಮ ಹೇಳಿದಳು. ಒಂದು ದಿನ ಹುಡುಗಿ ನನ್ನ ಪಕ್ಕ ಕೂತು, ನನ್ನ ಬಳೆಗಳನ್ನು ಮೇಲೆ ಕೆಳಗೆ ಸರಿಸುತ್ತ ಕೇಳಿದಳು.

‘ಮಿಸ್, ಕ್ಯಾಸೆಟ್ಟಲ್ಲಿ ನಿಮ್ಮನೇಲಿ ಯಾರೂ ಮಾತಾಡಲ್ಲ ಯಾಕೆ?’

‘ಮನೇಲಿ ನಾನೊಬ್ಳೇ ಅಲ್ವಾ ಇರೋದು.’

‘ರಾತ್ರಿ ನಿಮಗೆ ಯಾರು ಕತೆ ಹೇಳ್ತಾರೆ?’

‘ದೊಡ್ಡೋರಿಗೆ ಯಾರೂ ಹೇಳಲ್ಲ.’

ಅವಳು ದೊಡ್ಡವರ ಹಾಗೆ ತಲೆಯಾಡಿಸಿ ಎಂದಳು, ‘ನಮ್ಮ ಜೊತೆ ನೀವೂ ಬಂದ್ಬಿಡಿ.’

ನಾನು ನಕ್ಕೆ. ಆದರೆ ಸಂಜೆ ಬಸ್ಸಿನಲ್ಲಿ ಕೂತಾಗ ಆ ಮಾತು ಮತ್ತೆ ಮತ್ತೆ ಕಿವಿಗೆ ಬಂತು. ಹಾಗೆ ಕರೆದವರು ಅಮ್ಮನ ನಂತರ ಯಾರೂ ಇರಲಿಲ್ಲ.

ಕೋರ್ಟಿನ ಆದೇಶ ಬಂತು, ಪಾಸ್‌ಪೋರ್ಟ್ ಬಂತು, ಚಳಿಗಾಲ ಮುಗಿಯುವ ಹೊತ್ತಿಗೆ ದಂಪತಿಯೂ ಬಂದರು. ಗಂಡ ಎತ್ತರದ, ಸಂಕೋಚದ ಮನುಷ್ಯ. ಆಕೆ ದುಂಡು ಮುಖದವರು, ಪ್ರಯಾಣದ ಸುಸ್ತಿಗೆ ಕಣ್ಣು ಕೆಂಪಾಗಿದ್ದವು. ಬಾಗಿಲಲ್ಲಿ ಮಂಡಿಯೂರಿ ಕೂತು ಎರಡೂ ಕೈ ಚಾಚಿದರು. ಮಕ್ಕಳು ನನ್ನ ಹಿಂದೆ ನಿಂತಿದ್ದವು. ಹುಡುಗಿ ಅಲುಗಲಿಲ್ಲ. ತಮ್ಮ ನನ್ನ ಸೀರೆಯ ನೆರಿಗೆ ಬಿಟ್ಟು ಒಂದು ಹೆಜ್ಜೆ ಮುಂದಿಟ್ಟ, ಅಲ್ಲೇ ನಿಂತ.

‘ತೆಂಗೊ ಮಿಯೇದೊ,’ ಎಂದ.

ಆಕೆಯ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ, ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಆಕೆಯೂ ಅದೇ ಅಂದರು, ಎದೆ ಮುಟ್ಟಿಕೊಂಡು. ನನಗೂ ಭಯ, ಪುಟ್ಟ. ನನಗೂ.

ಹುಡುಗ ಅಚ್ಚರಿಯಿಂದ ತಿರುಗಿ ನನ್ನ ಮುಖ ನೋಡಿದ. ಈಯಮ್ಮನಿಗೂ ಆನೆಯ ಭಾಷೆ ಬರುತ್ತದೆ ಎಂಬ ಅಚ್ಚರಿ ಅದು. ಹೋಗು ಎಂದು ಕಣ್ಣಲ್ಲೇ ಹೇಳಿದೆ. ಹೋದ. ಆಕೆ ಎತ್ತಿಕೊಂಡರು. ಅಕ್ಕ ಇನ್ನೂ ತುಸು ಹೊತ್ತು ನಿಂತಿದ್ದು, ತಮ್ಮನನ್ನು ಒಬ್ಬನೇ ಬಿಡಬಾರದೆಂದು ಹಿಂದೆಯೇ ಹೋದಳು.

ಹೊರಡುವ ದಿನ ಕ್ಯಾಸೆಟ್ಟುಗಳನ್ನೆಲ್ಲ ಒಂದು ಊದಿನಕಡ್ಡಿ ಡಬ್ಬದಲ್ಲಿ ಹಾಕಿ ಕೊಟ್ಟೆ. ಟ್ಯಾಕ್ಸಿ ತಿರುವಿನಲ್ಲಿ ಮರೆಯಾದ ಮೇಲೆ ಮೇಡಂ, ಆಯಮ್ಮ ಒಳಗೆ ಹೋದರು. ಅವರಿಗೆ ಇನ್ನೂ ಬೇಕಾದಷ್ಟು ಮಕ್ಕಳಿದ್ದವು. ನಾನು ಗಾಂಧಿ ಬಜಾರಿನ ತನಕ ನಡೆದೆ. ಶನಿವಾರ ಮಧ್ಯಾಹ್ನ ಏನು ಮಾಡಬೇಕೆಂಬುದೇ ಮರೆತುಹೋಗಿತ್ತು.

ಭಾನುವಾರಗಳಲ್ಲಿ ಸುಮ್ಮನಿರಲಾಗದೆ ಮತ್ತೂ ಎರಡು ಕ್ಯಾಸೆಟ್ ಮಾಡಿ ಅಂಚೆಯಲ್ಲಿ ಕಳಿಸಿದೆ. ಆನೆ ವಿಮಾನ ಹತ್ತಿದ ಕತೆ, ಆನೆ ಹಿಮ ಕಂಡ ಕತೆ. ನಾನೇ ಹಿಮ ಕಂಡಿರಲಿಲ್ಲ.

ಕೆಲವು ತಿಂಗಳಾದ ಮೇಲೆ ಒಂದು ಶನಿವಾರ ಆಫೀಸಿಗೆ ಫೋನ್ ಬಂತು. ಮನೆಯಲ್ಲಿ ನನಗೆ ಫೋನ್ ಇರಲಿಲ್ಲ. ಆ ಕಡೆ ಆಕೆ. ಮಕ್ಕಳು ಆರೋಗ್ಯವಾಗಿದ್ದಾರೆ, ಹುಡುಗ ದಿನವಿಡೀ ಹರಟುತ್ತಾನೆ, ಶಾಲೆಯಲ್ಲಿ ಎಲ್ಲರಿಗೂ ಅಚ್ಚರಿ ಎಂದರು. ಆಮೇಲೆ ದನಿ ಇಳಿಯಿತು.

‘ಹುಡುಗಿ ನನ್ನ ಹತ್ತಿರ ಬರುವುದಿಲ್ಲ,’ ಎಂದರು. ‘ರಾತ್ರಿ ನಿಮ್ಮ ಕ್ಯಾಸೆಟ್ ಹಾಕಿಕೊಂಡು, ಸ್ಪೀಕರಿಗೆ ಕಿವಿಯಿಟ್ಟು ಮಲಗುತ್ತಾಳೆ. ನಾನು ಪಕ್ಕ ಕೂತರೆ ಬೆನ್ನು ತಿರುಗಿಸುತ್ತಾಳೆ. ನಾನು ಏನು ಮಾಡಲಿ, ಹೇಳಿ.’

ಆಕೆ ಅಳುತ್ತಿದ್ದರು. ನನ್ನ ಸುತ್ತ ಗುಮಾಸ್ತರು, ಪ್ಯಾಕಿಂಗ್ ಪೆಟ್ಟಿಗೆಗಳು, ಗಂಧದ ಪುಡಿಯ ಘಾಟು. ನಿಜ ಹೇಳಬೇಕೆಂದರೆ ಮೊದಲು ಮನಸ್ಸಿಗೆ ಹಿತವಾಯಿತು. ಅಷ್ಟು ದೂರದ ಒಂದು ಮನೆಯಲ್ಲಿ ನನ್ನ ದನಿಗಾಗಿ ಕಾಯುವ ಒಂದು ಮಗು. ಆ ಹಿತದ ಹಿಂದೆಯೇ ಇನ್ನೊಂದು ಯೋಚನೆ ಬಂತು: ಆ ಮಗುವಿನ ಪಕ್ಕದಲ್ಲಿ ಕೂತಿರುವುದು ಈಕೆ, ನಾನಲ್ಲ.

‘ಕ್ಯಾಸೆಟ್ಟುಗಳನ್ನ ಎತ್ತಿಟ್ಟುಬಿಡಿ,’ ಎಂದೆ. ‘ಮೊದಲು ನೀವು ಕೇಳಿ, ಕತೆ ಕಲಿತುಕೊಳ್ಳಿ. ಆಮೇಲೆ ದೀಪ ಆರಿಸಿ ನೀವೇ ಹೇಳಿ. ತಪ್ಪಾದರೆ ಅವಳೇ ತಿದ್ದುತ್ತಾಳೆ, ತಿದ್ದಲಿ. ಅದಕ್ಕಾದರೂ ಈ ಕಡೆ ತಿರುಗುತ್ತಾಳೆ.’

ಅವರು ಹುಡುಗಿಗೆ ಫೋನ್ ಕೊಟ್ಟರು.

‘ಮಿಸ್?’ ಕನ್ನಡದಲ್ಲಿ. ‘ಹೊಸ ಕತೆ ಯಾವಾಗ ಕಳಿಸ್ತೀರ? ಇದೆಲ್ಲ ಕೇಳಿ ಕೇಳಿ ಮುಗೀತು.’

ಕನ್ನಡ ಗಂಟಲ ತನಕ ಬಂದಿತ್ತು. ಹೇಗಿದ್ದೀಯ ಪುಟ್ಟಿ, ಊಟ ಮಾಡ್ತೀಯಾ ಸರಿಯಾಗಿ, ಅಲ್ಲಿ ಚಳಿಯಾ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಸ್ಪ್ಯಾನಿಶಿನಲ್ಲಿ ಹೇಳಿದೆ, ‘ಹೊಸ ಕತೆಗಳು ನಿನ್ನ ಅಮ್ಮನ ಹತ್ತಿರ ಇವೆ. ಅವರನ್ನು ಕೇಳು.’

ಆಮೇಲೆ ಅವಳೂ ಸ್ಪ್ಯಾನಿಶಿನಲ್ಲೇ, ತುಂಬ ಸಣ್ಣ ದನಿಯಲ್ಲಿ, ಸರಿ ಎಂದಳು.

ಮತ್ತೆ ನಾನು ಕ್ಯಾಸೆಟ್ ಕಳಿಸಲಿಲ್ಲ. ಅವರೂ ಫೋನ್ ಮಾಡಲಿಲ್ಲ, ಮಾಡಬಾರದೆಂದು ನನಗೂ ಅರ್ಥವಾಗಿತ್ತು. ಹೊಸ ವರ್ಷಕ್ಕೆ ಒಂದು ಫೋಟೊ ಬಂತು, ಮರುವರ್ಷವೂ ಬಂತು, ಆಮೇಲೆ ನಿಂತಿತು. ಕಂಪನಿಗೆ ಕಂಪ್ಯೂಟರ್ ಬಂದು, ಅಲ್ಲಿನ ವ್ಯಾಪಾರಿಗಳ ಮಕ್ಕಳು ಇಂಗ್ಲಿಷಿನಲ್ಲೇ ಬರೆಯತೊಡಗಿದ ಮೇಲೆ ನನ್ನ ಕೆಲಸ ಕರಗಿತು. ಮಲ್ಲೇಶ್ವರದ ಒಂದು ಶಾಲೆಯಲ್ಲಿ ಸ್ಪ್ಯಾನಿಶ್ ಹೇಳಿಕೊಡಲು ಸೇರಿದೆ. ಅಷ್ಟು ಹೊತ್ತಿಗೆ ಅದು ಮಾರ್ಕ್ಸ್ ಬರುವ ಭಾಷೆಯಾಗಿತ್ತು. ಮಕ್ಕಳು ಚೂಟಿ, ಗಂಟೆ ಹೊಡೆದರೆ ಪುಸ್ತಕ ಮುಚ್ಚಿ ಓಡುತ್ತಿದ್ದವು. ಸ್ಟಾಫ್ ರೂಮಿನಲ್ಲಿ ಬಟ್ಟೆ, ಸೀಟು, ಸೈಟಿನ ಮಾತು. ನಾನು ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂದು, ಹ್ಞೂಂ ಎನ್ನುತ್ತ ಕೂರುತ್ತಿದ್ದೆ.

ಅವಳು ಬಂದದ್ದು ಎರಡು ಸಾವಿರದ ದಶಕ ಮುಗಿಯುತ್ತಿದ್ದಾಗ, ಒಂದು ಡಿಸೆಂಬರ್‌ನಲ್ಲಿ, ಕಾಲೇಜಿನ ರಜೆಗೆ. ಬಾಗಿಲು ತೆರೆದಾಗ ಎತ್ತರದ ಹುಡುಗಿಯೊಬ್ಬಳು, ಜೀನ್ಸು, ಕತ್ತರಿಸಿದ ಕೂದಲು, ಹೆಗಲಿಗೊಂದು ದೊಡ್ಡ ಚೀಲ. ಕೈಕಟ್ಟಿ ಗೋಡೆಗೊರಗಿದ ರೀತಿಯಿಂದ ಗುರುತು ಹಿಡಿದೆ.

ಸ್ಪ್ಯಾನಿಶಿನಲ್ಲೇ ಮಾತಾಡಿದೆವು. ಅವಳಲ್ಲಿ ಕನ್ನಡದ ಒಂದು ಪದವೂ ಉಳಿದಿರಲಿಲ್ಲ. ಆಶ್ರಮ ಇದ್ದ ಜಾಗಕ್ಕೆ ಹೋಗಿಬಂದಿದ್ದಳು, ಅಲ್ಲಿ ಈಗ ಅಪಾರ್ಟ್‌ಮೆಂಟ್. ತಮ್ಮನಿಗೆ ಫುಟ್‌ಬಾಲ್ ಹುಚ್ಚು, ಬರಲು ಇಷ್ಟವಿಲ್ಲ ಎಂದನಂತೆ. ‘ಅಮ್ಮ ನಿಮ್ಮ ವಿಳಾಸ ಕೊಟ್ಟರು,’ ಎಂದಳು. ‘ನನಗೆ ಸ್ಪ್ಯಾನಿಶ್ ಕಲಿಸಿದವರು ನೀವು, ನೋಡಿಯೇ ಬರಬೇಕು ಎಂದರು. ಬೇಜಾರು ಮಾಡ್ಕೋಬೇಡಿ, ನನಗೆ ಇಲ್ಲಿನದು ಹೆಚ್ಚೇನೂ ನೆನಪಿಲ್ಲ. ನಿಮ್ಮ ಮುಖ ಕೂಡ.’

‘ಚಿಕ್ಕವಳಿದ್ದೆ, ಹೇಗೆ ನೆನಪಿರುತ್ತೆ,’ ಎಂದು ಕಾಫಿ ಕೊಟ್ಟೆ.

ಅವಳು ಕಾಫಿಯನ್ನು ಎರಡೂ ಕೈಯಲ್ಲಿ ಹಿಡಿದು, ಅಮ್ಮನ ಬಗ್ಗೆ ಬಹಳ ಮಾತಾಡಿದಳು. ಮೊದಲ ವರ್ಷ ತಾನು ಎಷ್ಟು ಹಟ ಮಾಡುತ್ತಿದ್ದೆ, ಆಕೆ ಎಷ್ಟು ತಾಳಿಕೊಂಡರು. ರಾತ್ರಿ ದೀಪ ಆರಿಸಿ ತಮಗೋಸ್ಕರವೇ ಒಂದು ಕತೆ ಕಟ್ಟಿ ಹೇಳುತ್ತಿದ್ದರಂತೆ. ‘ಭಾರತದಿಂದ ಬಂದ ಮಕ್ಕಳಲ್ಲವಾ, ಅದಕ್ಕೇ ಆನೆಯ ಕತೆ. ಸೊಂಡಿಲಿಗೆ ಮಾತ್ರ ಚಳಿಯಾಗುವ ಒಂದು ಮರಿಯಾನೆ. ಎಲ್ಲಿಂದ ಹೊಳೀತೋ ಅವರಿಗೆ!’

ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟೆ. ಅದು ನನ್ನ ಕತೆ ಎನ್ನಬಹುದಿತ್ತು. ಅವಳ ಮುಖ ನೋಡಿದೆ. ತಾಯಿಯ ನೆನಪಲ್ಲಿ ಅದು ಅಷ್ಟು ತೃಪ್ತವಾಗಿತ್ತು.

‘ನನಗೂ ಹೇಳು, ಕೇಳೋಣ,’ ಎಂದೆ.

ಅವಳು ನಾಚಿಕೊಂಡು, ಆಮೇಲೆ ಹೇಳಿದಳು. ಕಂಬಳಿ ಅಂಗಡಿಯವನು ಬಂದ, ಹೂವಿನವಳು ಬಂದಳು. ಅಡುಗೆಭಟ್ಟನ ಜಾಗದಲ್ಲಿ ಒಬ್ಬ ಬ್ರೆಡ್ಡಿನವನು ಬಂದಿದ್ದ. ನಾನು ಹ್ಞೂಂ ಅನ್ನುತ್ತ ಕೂತಿದ್ದೆ. ಆ ಕೋಣೆಯಲ್ಲಿ ಅಮ್ಮ ಹೋದ ಮೇಲೆ ನನಗೆ ಯಾರಾದರೂ ಕತೆ ಹೇಳಿದ್ದು ಅದೇ ಮೊದಲು. ಕೊನೆಗೆ ಮರಿಯಾನೆ ತನ್ನ ಬಾಯಲ್ಲಿ ಸೊಂಡಿಲು ಇಟ್ಟುಕೊಳ್ಳಲಿಲ್ಲ. ದೂರದ ಕಾಡಿನಿಂದ ಒಂದು ದೊಡ್ಡಾನೆ ಬರುತ್ತದೆ. ಅದೂ ಊರೆಲ್ಲ ಸುತ್ತಿ ದಣಿದಿರುತ್ತದೆ, ಅದರ ಸೊಂಡಿಲಿಗೂ ಚಳಿ. ಎರಡೂ ಸೊಂಡಿಲಿಗೆ ಸೊಂಡಿಲು ಸುತ್ತಿಕೊಂಡು ನಿದ್ದೆ ಹೋಗುತ್ತವೆ.

‘ಚೆನ್ನಾಗಿದೆ,’ ಎಂದೆ. ‘ನಿಮ್ಮಮ್ಮ ತುಂಬ ಚೆನ್ನಾಗಿ ಮುಗಿಸಿದಾರೆ.’

ಹಾಗಂದದ್ದು ಬಾಯುಪಚಾರಕ್ಕಲ್ಲ.

ಸಂಜೆ ಗಾಂಧಿ ಬಜಾರಿಗೆ ಕರೆದುಕೊಂಡು ಹೋದೆ. ದೋಸೆ ತಿಂದಳು, ಅಮ್ಮನಿಗೆಂದು ಒಂದು ಜೊತೆ ಜುಮುಕಿ ಆರಿಸಿದಳು. ಅಂಗಡಿಯಾಕೆ ಅವಳಿಗೆ ಕನ್ನಡದಲ್ಲಿ ಏನೋ ಕೇಳಿದರು, ಅವಳು ನನ್ನ ಕಡೆ ನೋಡಿದಳು.

‘ಕನ್ನಡ ಬರಲ್ವಾ? ಯಾವೂರಮ್ಮ ಇವರ್ದು?’ ಎಂದು ಅಂಗಡಿಯಾಕೆ ನನ್ನನ್ನು ಕೇಳಿದರು.

‘ಇದೇ ಊರು,’ ಎಂದೆ. ‘ತುಂಬ ದಿನ ಆಚೆ ಇದ್ಲು.’

ಏನು ಕೇಳಿದರು, ನೀವೇನೆಂದಿರಿ ಎಂದು ಅವಳು ವಿಚಾರಿಸಿದಳು. ಹೇಳಿದೆ. ಅವಳು ‘ಇದೇ ಊರು’ ಎಂಬುದನ್ನು ಕನ್ನಡದಲ್ಲಿ ಮತ್ತೆ ಹೇಳಿಸಿಕೊಂಡಳು. ಎರಡು ಸಲ ತಪ್ಪಾಗಿ ಅಂದು, ಮೂರನೇ ಸಲ ಸರಿಯಾಗಿ ಅಂದಳು. ಆಟೋ ಹತ್ತುವ ಮುಂಚೆ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು, ಅವರ ಕಡೆಯ ಪದ್ಧತಿಯಂತೆ, ಮತ್ತೆ ಬರುತ್ತೇನೆ ಎಂದಳು. ಬರಬಹುದು, ಬರದೆಯೂ ಇರಬಹುದು.

ಆಟೋ ಹೋದ ಮೇಲೆ ಫುಟ್‌ಪಾತಿನ ಮೇಲೆ ಅವರೆಕಾಯಿ ರಾಶಿ ಕಂಡಿತು. ಸೊಗಡಿನ ವಾಸನೆ ರಸ್ತೆಯ ತುಂಬ ಇತ್ತು. ಒಬ್ಬಳಿಗೆ ಬೇಕಾದ್ದಕ್ಕಿಂತ ಜಾಸ್ತಿಯೇ ಕೊಂಡೆ. ಮನೆಗೆ ಬಂದು, ಬಾಲ್ಕನಿಯಲ್ಲಿ ಪೇಪರ್ ಹರಡಿ, ಬೀದಿದೀಪದ ಬೆಳಕಲ್ಲಿ ಬಿಡಿಸುತ್ತ ಕೂತೆ. ಕೆಳಗಿನ ಮನೆಯಾಕೆ ಬಟ್ಟೆ ತೆಗೆಯಲು ಹೊರಗೆ ಬಂದವರು ತಲೆಯೆತ್ತಿ ನೋಡಿ, ‘ಇಷ್ಟೊಂದು ಅವರೆಕಾಯಾ? ಯಾರಾದ್ರೂ ಬಂದಿದ್ರಾ?’ ಎಂದರು.

‘ಬಂದಿದ್ರು,’ ಎಂದೆ. ‘ಹೋದ್ರು. ನಿಮಗೂ ಅರ್ಧ ಕೊಡ್ತೀನಿ, ಪಾತ್ರೆ ತನ್ನಿ.’